ಬೀಜ ಕೊಡುವ ದಿನ ಏಳದ ಡೇಟಾಬೇಸ್

ಸಂಶಿಯ ಬೀಜ ಬೆಳೆಗಾರರ ಸಂಘದಲ್ಲಿ ಕಂಪ್ಯೂಟರಿನ ಉಸ್ತುವಾರಿ ನಾಜಮೀನಳದು. ಗೋದಾಮಿನಲ್ಲಿ ಹೆಸರುಕಾಳಿನ ಇನ್ನೂರು ಚೀಲಗಳಿದ್ದವು. ಚೀಲದ ಮೇಲೆ ಬರೀ ನಂಬರು. ಯಾವ ನಂಬರು ಯಾರ ಹೊಲದ್ದು, ನೂರಕ್ಕೆ ಎಷ್ಟು ಕಾಳು ಮೊಳೆತವು ಎಂಬುದೆಲ್ಲ ಮೂಲೆಯ ಸರ್ವರಿನ ಡೇಟಾಬೇಸಿನಲ್ಲಿತ್ತು.

ಜೂನ್ ಮೊದಲ ವಾರ ಎರಡು ದಿನ ಹದವಾದ ಮಳೆಯಾಯಿತು. ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೇ ಮೂವತ್ತು ಮಂದಿ ಬೀಜಕ್ಕೆ ಬಂದು ನಿಂತರು. ಸರ್ವರ್ ಚಾಲೂ ಆಯಿತು, ಡೇಟಾಬೇಸ್ ಮಾತ್ರ ಚಾಲೂ ಉಳಿಯಲಿಲ್ಲ. ಏಳುವುದು, ಅರ್ಧ ನಿಮಿಷಕ್ಕೆ ತಾನೇ ಬಂದ್ ಆಗುವುದು.

ಅಧ್ಯಕ್ಷ ಶಂಭುಲಿಂಗಪ್ಪ ಬಾಗಿಲಲ್ಲಿ ಇಣುಕಿದರು. "ಏನಾತವಾ?"

"ಮೂರ ಸಲ ಮಾಡಿದೆ, ಏಳವಲ್ತ್ರಿ ಕಾಕಾ."

ಕುಂದಗೋಳದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ದೊಡ್ಡಪ್ಪನ ಮಗ ಇಸ್ರಾರನಿಗೆ ಅವಳು ಫೋನ್ ಮಾಡಿದಳು.

"ಲಾಗ್ ಏನಂತೈತಿ?" ಎಂದು ಅವನು ಕೇಳಿದ.

ದೋಷಗಳು ದಾಖಲಾಗುವ ಆ ಫೈಲನ್ನು ಗಡಿಬಿಡಿಯಲ್ಲಿ ಅವಳು ತೆರೆದೇ ಇರಲಿಲ್ಲ. ತೆರೆದರೆ ಕೊನೆಯ ಸಾಲು ಸ್ಪಷ್ಟವಾಗಿತ್ತು: ಡಿಸ್ಕಿನಲ್ಲಿ ಜಾಗವಿಲ್ಲ.

"ಡೇಟಾಬೇಸಿನ ಫೋಲ್ಡರಿನಾಗ ಎರಡು ದೊಡ್ಡ ಫೈಲ್ ಇರತಾವ. ಅಳಿಸಿಬಿಡು, ಜಾಗಾ ಆಗತೈತಿ."

"ಭಾಯಿ, ಅದರಾಗ ನಿನ್ನಿ ಹಾಕಿದ ಮೊಳಕಿ ಎಣಿಕಿ ಇದ್ರ?"

"ಇದ್ರೂ ಇರಬಹುದು."

"ಹಂಗಾರ ಮೊದಲ ಪೂರಾ ನಕಲ ತಗೀತೀನಿ."

ಹೊರಗಿನ ಡಿಸ್ಕಿಗೆ ನಕಲು ಶುರುವಾಯಿತು. ನಲವತ್ತು ನಿಮಿಷ ಎಂದು ತೋರಿಸಿತು. ನಾಜಮೀನ್ ತಾನೇ ಹೊರಗೆ ಬಂದು ಹೇಳಿದಳು. "ಇನ್ನೂ ಒಂದು ತಾಸ ಬೇಕ್ರಿ. ಅವಸರ ಮಾಡಿದ್ರ ಮೊಳಕಿ ಬರದ ಬೀಜ ನಿಮ್ಮ ಹೊಲಕ್ಕ ಹೋದೀತು."

ಯಾರೋ ಗೊಣಗಿದರು. ಆಗ ಯರಗುಪ್ಪಿಯ ಅನ್ನವ್ವ ಕಟ್ಟೆಯ ಮೇಲೆ ಕುಳಿತೇ ಹೇಳಿದಳು, "ಮಾಡವಾ ನೀ. ಎರಿ ಹೊಲದಾಗಿನ ಹಸಿ ಒಂದ ತಾಸಿನಾಗ ಆರೂದಿಲ್ಲ." ಎಂಟು ದಿನ ಕಾಳು ಕಟ್ಟಿಟ್ಟ ಒದ್ದೆ ಬಟ್ಟೆ ಬಿಚ್ಚಿ ಮೊಳಕೆ ಎಣಿಸಿದವಳು ಅವಳೇ. ಗೊಣಗಾಟ ನಿಂತಿತು.

ನಕಲಾಗುವಷ್ಟರಲ್ಲಿ ಡಿಸ್ಕು ಯಾವುದರಿಂದ ತುಂಬಿತೆಂದು ನಾಜಮೀನ್ ಹುಡುಕಿದಳು. ಎರಡು ವರ್ಷದ ಹಿಂದೆ ಅವಳೇ ದಿನಕ್ಕೊಂದು ಬ್ಯಾಕಪ್ ಆಗುವಂತೆ ಮಾಡಿಟ್ಟಿದ್ದಳು. ಹಳೆಯದನ್ನು ಅಳಿಸುವ ಏರ್ಪಾಡನ್ನು ಮರೆತಿದ್ದಳು. ಏಳುನೂರು ಬ್ಯಾಕಪ್, ಅದೂ ಅದೇ ಡಿಸ್ಕಿನಲ್ಲಿ.

ನಕಲು ಮುಗಿದ ಮೇಲೆ ಕೊನೆಯ ಹತ್ತು ಬ್ಯಾಕಪ್ ಉಳಿಸಿ ಮಿಕ್ಕದ್ದನ್ನು ತೆಗೆದಳು. ಡೇಟಾಬೇಸ್ ಚಾಲೂ ಮಾಡಿದಳು. ಅರ್ಧ ನಿಮಿಷ ದಾಟಿತು. ಐದು ನಿಮಿಷ ಕಳೆದರೂ ಬಂದ್ ಆಗಲಿಲ್ಲ.

"ಯಾರದವಾ ತಪ್ಪು?" ಶಂಭುಲಿಂಗಪ್ಪ ಕೇಳಿದರು.

"ನಂದ ರೀ ಕಾಕಾ."

"ಗೊತ್ತಾತಲ್ಲ, ಸಾಕು. ಮೊದಲ್ನೇ ನಂಬರ್ ಕೂಗು."

ಮಧ್ಯಾಹ್ನದೊಳಗೆ ಎಲ್ಲರಿಗೂ ಚೀಲ ಸಿಕ್ಕಿತು. ಕೊನೆಗೆ ಒಳಗೆ ಬಂದ ಅನ್ನವ್ವ ಚೀಲ ಕೇಳಲಿಲ್ಲ. "ನಿನ್ನಿ ಸಂಜೀಕ ನಾ ಎಣಿಸಿದ್ದು ಐತೇನ ನೋಡು," ಎಂದಳು.

ನಾಜಮೀನ್ ಪರದೆಯನ್ನು ಅವಳತ್ತ ತಿರುಗಿಸಿ ಓದಿದಳು: ನೂರಕ್ಕೆ ತೊಂಬತ್ತೊಂದು, ಎಣಿಸಿದವರು ಅನ್ನವ್ವ.

"ನನ್ನ ಹೆಸರೂ ಹಾಕೀಯೇನ?" ಎಂದು ಅನ್ನವ್ವ ಕುರ್ಚಿ ಎಳೆದುಕೊಂಡು ಕುಳಿತಳು. "ಉಳಿದಾವೂ ಓದವಾ, ಕೇಳೂಣು."