ಎಪ್ಪತ್ತೊಂದನೆಯ ಪುಟದ ಜಡೆ

ಜಡೆ ಚೆನ್ನಾಗಿ ಬಂದುಬಿಟ್ಟರೆ ಏನು ಮಾಡುವುದು — ಇದೊಂದು ಚಿಂತೆ, ಯಾರಿಗೂ ಹೇಳುವಂಥದ್ದಲ್ಲ, ಹೇಳಿದರೆ ನಗುತ್ತಾರೆ, ಆದರೂ ಬೆಳಗಿನಿಂದ ಲೌರಿಯ ತಲೆಯಲ್ಲಿ ಇದೇ, ಬಾಚಣಿಗೆ ಅಮ್ಮನ ನೆತ್ತಿಯಿಂದ ಇಳಿದು ಕಿವಿಯ ಹಿಂದಿನ ಸಿಕ್ಕಿನಲ್ಲಿ ನಿಂತಾಗಲೂ ಇದೇ, ಏಕೆಂದರೆ ಅವಳ ಬೆರಳುಗಳಿಗೆ ಕೆಟ್ಟ ಜಡೆ ಹಾಕಲು ಬರುವುದಿಲ್ಲ, ನಾಲ್ಕು ವರ್ಷ ದಿನಾ ಹಾಕಿ ಹಾಕಿ ಅವು ತಾವಾಗಿಯೇ ಓಡುತ್ತವೆ, ಎಡದ ಎಳೆ ನಡುವಿಗೆ, ಬಲದ ಎಳೆ ನಡುವಿಗೆ, ಅಕ್ಕಪಕ್ಕದಿಂದ ಒಂದಿಷ್ಟು ಕೂದಲನ್ನು ಸೇರಿಸಿಕೊಳ್ಳುತ್ತ, ನೆತ್ತಿಯಿಂದ ಕತ್ತಿನವರೆಗೆ ಗೋಧಿಯ ತೆನೆಯ ಹಾಗೆ, ಒಂದು ಕೂದಲೂ ಹೊರಗಿಲ್ಲದ ಹಾಗೆ. ಹನ್ನೊಂದೂವರೆಗೆ ಕಾರ್ಡಿಫ್‌ನಲ್ಲಿ ವಿಚಾರಣೆ. ನಿಂತುಹೋದ ಅಮ್ಮನ ಅಂಗವೈಕಲ್ಯ ಭತ್ಯೆಗೆ ಹಾಕಿದ ಮೇಲ್ಮನವಿ, ಒಬ್ಬ ನ್ಯಾಯಾಧೀಶೆ, ಒಬ್ಬ ಡಾಕ್ಟರು, ಅವರ ಜೊತೆಗೆ ಇನ್ನೊಬ್ಬರು, ಮೂವರೂ ಮೇಜಿನ ಆಚೆ ಕೂತಿರುತ್ತಾರೆ, ಅಮ್ಮ ಕೋಲೂರಿಕೊಂಡು ಒಳಗೆ ಬರುತ್ತಾಳೆ, ಅವರ ಕಣ್ಣು ಮೊದಲು ಹೋಗುವುದು ಎಲ್ಲಿಗೆ, ಇಲ್ಲಿಗೇ, ಈ ತಲೆಗೇ. ಅಮ್ಮ, ಇವತ್ತು ಹಾಗೇ ಬಿಡೋಣ್ವಾ, ಒಂದು ರಬ್ಬರ್ ಬ್ಯಾಂಡ್ ಹಾಕಿದ್ರೆ ಸಾಲ್ದಾ. ಹಾಗೇ ಅಂದ್ರೆ ಹೇಗೆ, ದೆವ್ವದ ಹಾಗೆ ಕೆದರ್ಕೊಂಡು ಜಡ್ಜ್ ಮುಂದೆ ನಿಂತ್ಕೊಳ್ಳಾ, ನಿಮ್ಮಜ್ಜಿ ಗೋರಿಯಿಂದ ಎದ್ದು ಬಂದು ಕೆನ್ನೆಗೆ ಬಾರಿಸ್ತಾಳೆ ಅಷ್ಟೇ, ಬಾಚೇ, ಏನ್ ಇಷ್ಟು ನಿಧಾನ, ಕುರಿ ಉಣ್ಣೆ ಕತ್ತರಿಸೋರು ಇಷ್ಟೊತ್ತಿಗೆ ಮೂರು ಕುರಿ ಮುಗಿಸಿರ್ತಿದ್ರು. ಅಮ್ಮ ನಗುತ್ತಾಳೆ, ನಕ್ಕಾಗ ಭುಜ ಅಲುಗುತ್ತದೆ, ಭುಜ ಅಲುಗಿದರೆ ನೋವು, ನಗು ಅಲ್ಲೇ ಮೊಟಕಾಗುತ್ತದೆ, ಇಬ್ಬರೂ ಅದನ್ನು ಗಮನಿಸದವರಂತೆ ಇರುತ್ತಾರೆ, ಈ ಮನೆಯಲ್ಲಿ ಅದು ಅಭ್ಯಾಸ. ಇಪ್ಪತ್ತೆರಡು ವರ್ಷ ಶಾಲೆಯ ಅಡುಗೆಮನೆಯಲ್ಲಿ ಬಲೆಟೋಪಿಯೊಳಗೆ ಈ ಜಡೆ ಇಟ್ಟುಕೊಂಡು ಮುನ್ನೂರು ಮಕ್ಕಳಿಗೆ ಬಡಿಸಿದವಳು, ಆಗ ತಾನೇ ಹೆಣೆದುಕೊಳ್ಳುತ್ತಿದ್ದಳು, ಕನ್ನಡಿಯೂ ಬೇಕಿರಲಿಲ್ಲ, ಆಮೇಲೆ ಸಂಧಿವಾತ ಬಂದು ಬೆರಳುಗಳು ಒಂದೊಂದಾಗಿ ಪಕ್ಕಕ್ಕೆ ವಾಲಿದವು, ಗಾಳಿ ಹೊಡೆದ ಬೇಲಿಯ ಗೂಟಗಳ ಹಾಗೆ, ಈಗ ಅವು ಮಡಿಲಲ್ಲಿ ಬಿದ್ದಿವೆ, ಅಮ್ಮ ಅವನ್ನು ಶಾಲಿನ ತುದಿಯಿಂದ ಮುಚ್ಚಿಕೊಂಡಿದ್ದಾಳೆ, ಮಗಳ ಎದುರೂ.

ಎಪ್ಪತ್ತೊಂದನೆಯ ಪುಟ. ಮೇಜಿನ ಮೇಲೆ ವಿಚಾರಣೆಯ ಕಾಗದಗಳ ಕಟ್ಟು ಇದೆ, ನೂರ ಅರವತ್ತು ಪುಟ, ತೆರೆದರೆ ತಾನೇ ಅಲ್ಲಿಗೆ ತೆರೆದುಕೊಳ್ಳುತ್ತದೆ, ಅಷ್ಟು ಸಲ ನೋಡಿದ್ದಾಳೆ, ಭತ್ಯೆಯ ಕಡೆಯಿಂದ ಮನೆಗೆ ಬಂದು ಅಮ್ಮನನ್ನು ಪರೀಕ್ಷಿಸಿದವಳ ವರದಿ. ಅರ್ಜಿದಾರರ ಕೂದಲನ್ನು ಅಚ್ಚುಕಟ್ಟಾಗಿ ಹೆಣೆಯಲಾಗಿತ್ತು, ತಾವೇ ಹೆಣೆದುಕೊಂಡುದಾಗಿ ತಿಳಿಸಿದರು, ಆದ್ದರಿಂದ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಬಲ್ಲರು, ಸ್ನಾನಕ್ಕೆ ನೆರವು ಬೇಕಿಲ್ಲ, ಸೊನ್ನೆ ಅಂಕ, ಉಡುಪು ಸೊನ್ನೆ ಅಂಕ, ಮನೆಯಲ್ಲೇ ತಯಾರಿಸಿದ ತಿಂಡಿ ನೀಡಿದರು, ಆದ್ದರಿಂದ ಅಡುಗೆ ಸೊನ್ನೆ ಅಂಕ, ಹೇಗಿದ್ದೀರೆಂದು ಕೇಳಿದಾಗ ಅಷ್ಟೇನೂ ಕೆಟ್ಟದಾಗಿಲ್ಲ ಎಂದರು. ಅದನ್ನು ಓದಿ ಸಲಹಾ ಕೇಂದ್ರದ ಎಮ್ರಿಸ್ ಹಣೆ ಚಚ್ಚಿಕೊಂಡಿದ್ದ, ಮೊದಲು ಗಣಿಯಲ್ಲಿದ್ದ ಮುದುಕ, ಈಗ ಊರಿನ ಎಲ್ಲರ ಅರ್ಜಿ ಬರೆಯುವುದೇ ಅವನ ಕೆಲಸ, ನಮ್ ಕಣಿವೆಯವರ ಹಣೇಬರಹ ಇದು, ಶವಪೆಟ್ಟಿಗೆ ಮುಚ್ಚಳ ತೆಗೆದು ಕೇಳಿದ್ರೂ ಪರವಾಗಿಲ್ಲಪ್ಪಾ ಚೆನ್ನಾಗಿದೀನಿ ಅಂತಾರೆ, ನೋಡು ಗೇನರ್, ಸುಳ್ಳು ಬೇಡ, ಹಾಗಂತ ಶೌರ್ಯಾನೂ ಬೇಡ, ಎಲ್ಲಿ, ಈಗ ನಾನು ಡಾಕ್ಟ್ರು, ಹೇಗಿದೀರಮ್ಮಾ. ಅಷ್ಟೇನೂ ಕೆಟ್ಟದಾಗಿಲ್ಲ, ಅಂದಳು ಅಮ್ಮ ತಟ್ಟನೆ. ಸೋತೆ, ಅಂದ ಎಮ್ರಿಸ್, ಮತ್ತೆ ಮೊದಲಿಂದ. ಎಲ್ಲರೂ ನಕ್ಕರು, ಲೌರಿಯೂ ನಕ್ಕಳು. ನಗಬಾರದಿತ್ತು. ಪರೀಕ್ಷೆಯ ಆ ದಿನ ತಿಂಡಿ ಮಾಡಿದ್ದು ಇವಳು, ಬೆಳಿಗ್ಗೆ ಆರಕ್ಕೆ ಎದ್ದು, ಹೆಂಚಿನ ಮೇಲೆ ಒಣದ್ರಾಕ್ಷಿಯ ಬಿಲ್ಲೆಗಳನ್ನು ಎರಡೂ ಕಡೆ ಕೆಂಪಗೆ ಬೇಯಿಸಿ, ಮನೆಗೆ ಅಧಿಕಾರಿ ಬರ್ತಿದಾಳೆ, ಬರೀ ಚಹಾ ಕೊಡೋಕಾಗುತ್ತಾ, ಮರ್ಯಾದೆ ಏನಾಗ್ಬೇಕು, ಅಂದಿದ್ದಳು ಅಮ್ಮ, ಅಜ್ಜಿಯ ನೀಲಿ ಹೂವಿನ ಕಪ್ ಇಳಿಸು, ಬಿಳಿ ಬ್ಲೌಸ್ ಇಸ್ತ್ರಿ ಮಾಡು, ಮಾಡಿದಳು, ಗುಂಡಿ ಹಾಕಿದವಳು ಇವಳೇ, ಕಾಲುಚೀಲ ತೊಡಿಸಿದವಳು ಇವಳೇ, ಜಡೆ — ಬಂದವಳು ಒಳ್ಳೆಯವಳೇ, ಚಿಕ್ಕ ವಯಸ್ಸಿನ ನರ್ಸು, ಎರಡು ಬಿಲ್ಲೆ ತಿಂದಳು, ಅಯ್ಯೋ ಎಷ್ಟು ಚಂದದ ಜಡೆ, ಯಾರು ಹಾಕಿದ್ದು ಅಂದಳು, ಮತ್ಯಾರು, ನಾನೇ, ಅಂದಳು ಅಮ್ಮ, ಹಾಗೆಂದು ಒಂದು ಗಳಿಗೆ ಲೌರಿಯ ಕಡೆ ನೋಡಿದಳು, ಆ ನೋಟ. ತಿದ್ದು ಎಂಬ ನೋಟವೋ, ತಿದ್ದೀಯಾ ಜೋಕೆ ಎಂಬ ನೋಟವೋ, ಎಂಟು ತಿಂಗಳಾಯಿತು, ಇನ್ನೂ ಗೊತ್ತಾಗಿಲ್ಲ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು ಲೌರಿ, ಕೈಗೆಟುಕುವಷ್ಟು ಹತ್ತಿರ. ಆಮೇಲೆ ಆ ಹುಡುಗಿ, ಸ್ವಲ್ಪ ಕೈ ಎತ್ತಿ ತೋರಿಸ್ತೀರಾ, ಆಗುವಷ್ಟು ಸಾಕು — ಅಮ್ಮನ ಬಲಗೈ ಮಡಿಲಿನಿಂದ ಏಳುತ್ತದೆ, ಎದೆ, ಗಲ್ಲ, ಕಿವಿ, ಕಿವಿಯ ಬಳಿ ನಿಲ್ಲುತ್ತದೆ, ಬೆರಳುಗಳು ಗಾಳಿಯಲ್ಲಿ ಸಣ್ಣಗೆ ನಡುಗುತ್ತವೆ, ಮೇಲ್ದುಟಿಯ ಮೇಲೆ ಬೆವರು, ಮುಖದಲ್ಲಿ ಅತಿಥಿಗಳಿಗೆಂದೇ ಇಟ್ಟ ನಗು, ಆಮೇಲೆ ಆ ಕೈ ಕಿವಿಯನ್ನು ದಾಟುತ್ತದೆ, ಹೇಗೆ ದಾಟಿತೋ, ಕೇಳಿದ್ದನ್ನು ಇಲ್ಲವೆನ್ನುವುದು ಅಮ್ಮನ ಜಾಯಮಾನದಲ್ಲಿಲ್ಲ. ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಅದು ಯಾವ ಪುಟದಲ್ಲೂ ಇಲ್ಲ.

ಭತ್ಯೆ ನಿಂತ ಮೂರನೆಯ ವಾರ ಅದರ ಜೊತೆಗೇ ಬಂದಿದ್ದ ಕಾರನ್ನೂ ಒಯ್ದರು, ಓಣಿಯ ಇಳಿಜಾರಿನಲ್ಲಿ ಅದು ತಿರುಗಿ ಮರೆಯಾಗುವವರೆಗೂ ಅಮ್ಮ ಬಾಗಿಲಲ್ಲಿ ನಿಂತು ಕೈ ಬೀಸಿದಳು, ಯಾರೋ ನೆಂಟರನ್ನು ಕಳಿಸುವ ಹಾಗೆ. ಕೀಲುಗಳ ಚಿಕಿತ್ಸೆಗೆಂದು ಹೋಗುತ್ತಿದ್ದ ಮಂಗಳವಾರದ ಬಿಸಿನೀರಿನ ಕೊಳ ತಪ್ಪಿತು, ಕೈ ಇನ್ನಷ್ಟು ಬಿಗಿಯಿತು, ಇವತ್ತು ಗೆದ್ದರೆ ಕಾರು ಬರುತ್ತದೆ, ಕೊಳ ಬರುತ್ತದೆ, ಸೋತರೆ ಈ ಕಿಟಕಿ, ಈ ಕುರ್ಚಿ, ಮಳೆಗೆ ಕಪ್ಪಾದ ಆಚೆ ಗುಡ್ಡ. ಗೆಲ್ಲೋದು ನಿನ್ ಬಾಯಲ್ಲಿದೆ ಕಣಮ್ಮ ಲೌರಿ, ಅಂದಿದ್ದ ಎಮ್ರಿಸ್, ನೀನು ಸಾಕ್ಷಿ, ಜಡೆ ನಾನು ಹಾಕಿದ್ದು ಅಂತ ನೀನು ಹೇಳ್ಬೇಕು, ಹಾಗಾದ್ರೆ ಅವತ್ತು ಯಾಕೆ ಸುಮ್ನಿದ್ದೆ ಅಂತ ಕೇಳೇ ಕೇಳ್ತಾರೆ, ಅದಕ್ಕೂ ನಮ್ಮ ಹತ್ರ ಉತ್ತರ ಇದೆ, ನಿನ್ನ ಡೈರಿ, ಇದು ಬಂಗಾರ, ತನ್ನ ಡೈರಿಗೆ ಯಾರೂ ಸುಳ್ಳು ಬರೆಯಲ್ಲ. ಕಟ್ಟಿನ ನೂರ ಇಪ್ಪತ್ತೆಂಟನೆಯ ಪುಟ, ಅವಳದೇ ಓರೆ ಅಕ್ಷರ, ನೆರಳಚ್ಚಿನಲ್ಲಿ ಸ್ವಲ್ಪ ಮಾಸಿದೆ, ಪರೀಕ್ಷಕಿ ಬಂದಿದ್ದಳು, ಅಮ್ಮ ಎಲ್ಲ ತಾನೇ ಮಾಡಿಕೊಳ್ಳುತ್ತೇನೆ ಅಂದಳು, ನನಗೆ ಬಾಯೇ ಬರಲಿಲ್ಲ. ಬಾಯೇ ಬರಲಿಲ್ಲ. ಎಷ್ಟು ಸಲೀಸಾಗಿ ಬರೆದಿದ್ದಾಳೆ, ಒಂದು ಚಿತ್ತೂ ಇಲ್ಲ, ಎಲ್ಲರಿಗೂ ಗೊತ್ತಿರುವ ಲೌರಿ, ಅಂಗಡಿಯಲ್ಲಿ ಚಿಲ್ಲರೆ ತಪ್ಪು ಕೊಟ್ಟರೂ ಕೇಳದ ಲೌರಿ, ಡಿಗ್ರಿ ಮಾಡಿಯೂ ಫೋನ್ ಎತ್ತಲು ಹೆದರುವ ಲೌರಿ, ಪಾಪ ಆ ಹುಡುಗಿಗೆ ನಾಚಿಕೆ ಅನ್ನುತ್ತಾರೆ, ಆ ಮಾತಿನ ಹಿಂದೆ ಏನನ್ನು ಬೇಕಾದರೂ ಬಚ್ಚಿಡಬಹುದು, ಇವಳು ಬಚ್ಚಿಟ್ಟಳು. ಆ ದಿನ ಸ್ವೆಟರಿನ ಜೇಬಿನಲ್ಲಿ ಅಬರಿಸ್ಟ್ವಿತ್‌ನಿಂದ ಬಂದ ಕಾಗದವಿತ್ತು, ಸಮುದ್ರದ ದಂಡೆಯ ಊರು, ಗ್ರಂಥಾಲಯದಲ್ಲಿ ಹಳೆಯ ಕಾಗದಪತ್ರಗಳನ್ನು ಕಾಯುವ ಕೆಲಸ, ನಿಮ್ಮನ್ನು ಆರಿಸಿದ್ದೇವೆ, ಎರಡು ವಾರದಲ್ಲಿ ತಿಳಿಸಿ, ಅಮ್ಮನಿಗೆ ತೋರಿಸಿರಲಿಲ್ಲ, ಮಡಿಕೆಯ ಅಂಚು ಅಂಗೈಗೆ ಒತ್ತುತ್ತಿತ್ತು, ಮತ್ಯಾರು, ನಾನೇ, ಅಂದಳು ಅಮ್ಮ, ಅಂದ ಕೂಡಲೇ ಎದೆಯೊಳಗೆ ಏನೋ ಹಗುರಾಯಿತಲ್ಲ, ಕಿಟಕಿ ತೆರೆದ ಹಾಗೆ, ಬರೆದುಕೋ ಬರೆದುಕೋ ಅಂತ ಆ ನರ್ಸಿನ ಬೆರಳುಗಳನ್ನೇ ನೋಡಿದಳಲ್ಲ, ಬಾಯಿ ಬರದೆ ಅಲ್ಲ, ಬಾಯಿ ತುಂಬ ಮಾತಿತ್ತು, ಹಲ್ಲು ಕಚ್ಚಿ ಹಿಡಿದಿದ್ದಳು. ಭತ್ಯೆ ನಿಂತ ವಾರವೇ ಆ ಊರಿಗೆ ಬರಲಾಗುವುದಿಲ್ಲವೆಂದು ಬರೆದು ಹಾಕಿದಳು, ಕ್ಷಮಿಸಿ, ಮನೆಯ ಕಾರಣ. ತಾನು ಹೋಗಲೂ ಇಲ್ಲ, ಅಮ್ಮನ ಭತ್ಯೆ ಉಳಿಸಲೂ ಇಲ್ಲ.

ಹೊರಗೆ ಹಾರ್ನ್, ಪಕ್ಕದ ಮನೆಯ ಮೈರ್, ಕಾರ್ಡಿಫ್‌ಗೆ ಕರೆದೊಯ್ಯುತ್ತೇನೆ ಎಂದವಳು, ಕಿಟಕಿಗೆ ಕೇಳುವ ಹಾಗೆ ಕೂಗುತ್ತಾಳೆ, ಗೇನರ್, ಮದುವೆಗೆ ಹೊರಟಿದೀಯೋ ಕೋರ್ಟಿಗೋ, ಬಾರೇ ಬೇಗ. ಹತ್ತು ನಿಮಿಷ ಇರೇ, ನಿನ್ ಡಬ್ಬ ಕಾರು ಬಿಸಿಯಾಗೋಕೇ ಅಷ್ಟು ಬೇಕು, ಎಂದು ಅಮ್ಮ ಕೂಗಿ, ಜಡೆಯ ತುದಿಗೆ ಲೌರಿ ಬ್ಯಾಂಡ್ ಸುತ್ತುವಾಗ, ನೆಟ್ಟಗೆ ಕೂತು ಗಂಟಲು ಸರಿಮಾಡಿಕೊಳ್ಳುತ್ತಾಳೆ, ಸರಿ, ಕೊನೇ ಸಲ, ಈಗ ನಾನು ಜಡ್ಜಮ್ಮ, ತಡವರಿಸ್ಬೇಡ, ಎಮ್ರಿಸ್ ಹೇಳ್ಕೊಟ್ಟ ಹಾಗೆ ಹೇಳು, ಕುಮಾರಿ ಲೌರಿ ಹಾಪ್ಕಿನ್, ಜಡೆ ಹಾಕಿದ್ದು ನೀವೇ ಅಂತೀರಿ, ಹಾಗಿದ್ರೆ ಅವತ್ತು ಅಲ್ಲೇ ಕೂತಿದ್ದವರು ಯಾಕೆ ಸುಮ್ಮನಿದ್ರಿ. ಬೆನ್ನು ಈ ಕಡೆಗಿದೆ, ಅಮ್ಮನ ಮುಖ ಕಾಣುವುದಿಲ್ಲ, ಕತ್ತು ಕಾಣುತ್ತದೆ, ಜಡೆ ಕಾಣುತ್ತದೆ, ಚೆನ್ನಾಗಿಯೇ ಬಂದಿದೆ, ಉತ್ತರ ಬಾಯಿಪಾಠ, ನನಗೆ ಅಪರಿಚಿತರ ಎದುರು ಮಾತಾಡಲು — ಮಾತಾಡಲು — ನೂರ ಇಪ್ಪತ್ತೆಂಟನೆಯ ಪುಟ ನೋಡಿ — ಆದರೆ ಕೈ ಏಳುತ್ತದೆ, ಎದೆ, ಗಲ್ಲ, ಕಿವಿ, ಬೆವರು, ಆ ನಗು, ಇವಳ ಜೇಬಿನಲ್ಲಿ ಕಾಗದ, ಕಿವಿಯ ಬಳಿ ಕೈ, ನಡುಗುತ್ತ, ದಾಟದೆ, ಇವಳು ಒಂದು ಮಾತು ಆಡಿದ್ದರೆ ಇಳಿಯುತ್ತಿದ್ದ ಕೈ, ಕಿವಿಯ ಬಳಿ, ಕೈ — ಹೇಳೇ, ಅಂದಳು ಅಮ್ಮ, ತನ್ನ ಧ್ವನಿಯಲ್ಲೇ. ನಾಚ್ಕೆಯಿಂದ ಅಲ್ಲಮ್ಮ, ಅಂದಳು ಲೌರಿ, ಅವಳಿಗೇ ಹೊಸದಾದ ಗಟ್ಟಿ ದನಿಯಲ್ಲಿ, ನಿನ್ ಕೈಲಿ ಎಲ್ಲಾ ಆಗುತ್ತೆ ಅಂತ ಅವಳು ಬರ್ಕೊಳ್ಳಲಿ ಅಂತಾನೇ ಸುಮ್ನಿದ್ದೆ, ನಂಗೆ ನಿನ್ನ ಬಿಟ್ಟು ಹೋಗ್ಬೇಕಿತ್ತು.