ಮೊದಲ ತುತ್ತಿನ ಸೌಟು

ಬೆಳಿಗ್ಗೆ ಡೈರಿಯಲ್ಲಿ ಅವಳು ಬರೆದುಕೊಂಡದ್ದು ಇಷ್ಟೇ: 'ಇವತ್ತೂ ಬಾಯಿಂದ ಮಾತು ಬರದಿದ್ದರೆ ಏನು ಮಾಡಲಿ?' ಬರೆದು, ಯಾರಾದರೂ ಓದಿಬಿಟ್ಟಾರು ಎಂಬಂತೆ ಕೈ ಅಡ್ಡ ಹಿಡಿದಳು. ಮನೆಯಲ್ಲಿ ಇದ್ದದ್ದು ಅಮ್ಮ ಮತ್ತು ಹೊಲಿಗೆ ಯಂತ್ರ. ಇಬ್ಬರಿಗೂ ಓದುವಷ್ಟು ಪುರುಸೊತ್ತಿರಲಿಲ್ಲ.

ಸಂಕಟ ನೋಡಿದರೆ ಸಾಸಿವೆಯಷ್ಟು. ಅವಳು ಕೆಲಸ ಕಲಿಯಲು ಹೋಗುತ್ತಿದ್ದ ಅಡುಗೆಮನೆಯಲ್ಲಿ ಕಾದ ಪಾತ್ರೆ ಎತ್ತಿದವರು "ಬಿಸಿ!" ಎಂದು ಕೂಗಿಕೊಂಡೇ ನಡೆಯಬೇಕು. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪದವಿ ತಂದವಳಿಗೆ ಆ ಎರಡಕ್ಷರ ಗಂಟಲಲ್ಲೇ ಚಕ್ಕಳಮಕ್ಕಳ ಹಾಕಿಕೊಂಡು ಕೂತುಬಿಡುತ್ತಿತ್ತು. ಹೇಗೋ ಹೊರಬಂದರೂ, ಪಾತ್ರೆಯ ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ. ಅದಕ್ಕೇ ಅಲ್ಲಿ ಅವಳಿಗೆ 'ಪಿಸುಮಾತು' ಅಂತಲೇ ಹೆಸರು ಬಿದ್ದಿತ್ತು.

ಜೊತೆಗೆ ಕಲಿಯುತ್ತಿದ್ದವನೊಬ್ಬ ಮೊದಲು ಬಸ್ ಕಂಡಕ್ಟರ್ ಆಗಿದ್ದವನು. ಅವನನ್ನು 'ಡೋಲು' ಅನ್ನುತ್ತಿದ್ದರು. ಅವಳು ಪಾತ್ರೆ ಎತ್ತಿದರೆ ಸಾಕು, ಬೆನ್ನಿಗೇ ಬಂದು ಅವಳ ಪಾಲಿನದನ್ನೂ ಕೂಗಿಬಿಡುತ್ತಿದ್ದ. "ಪಾತ್ರೆ ನಿಂದು, ಗಂಟಲು ನಂದು. ನಾಳೆ ನಿನಗೆ ಕೆಲಸ ಸಿಕ್ರೆ ನನ್ನೂ ಜೊತೆಗೇ ಕಟ್ಕೊಂಡು ಹೋಗ್ಬೇಕಾಗತ್ತೆ ನೋಡು ತಾಯಿ."

ಅಡುಗೆಮನೆ ಇದ್ದದ್ದು ಮುಚ್ಚಿಹೋದ ಗ್ಯಾರೇಜಿನಲ್ಲಿ. ನೆಲದ ಎಣ್ಣೆ ಕಲೆ ಎಷ್ಟು ತಿಕ್ಕಿದರೂ ಜಪ್ಪಯ್ಯ ಅಂದಿರಲಿಲ್ಲ. ಕಾರು ಎತ್ತುತ್ತಿದ್ದ ಕಬ್ಬಿಣದ ಕಂಬಕ್ಕೆ ಈಗ ಏಪ್ರನ್ನುಗಳು ಜೋತುಬಿದ್ದಿದ್ದವು. ಹೋಟೆಲು, ಅಂಗಡಿ, ಔತಣದ ಮನೆಗಳಲ್ಲಿ ಮಿಕ್ಕಿದ್ದೆಲ್ಲ ಇಲ್ಲಿಗೆ ಬರುತ್ತಿತ್ತು. ಕೆಲಸವಿಲ್ಲದವರು ಅದನ್ನು ಆರಿಸಿ, ಹೆಚ್ಚಿ, ಮತ್ತೆ ಬೇಯಿಸುತ್ತ ಅಡುಗೆಯ ಕಸುಬು ಕಲಿಯುತ್ತಿದ್ದರು. ಮಧ್ಯಾಹ್ನ ಬಾಗಿಲಿಗೆ ಬಂದವರಿಗೆಲ್ಲ ಊಟ. "ಡಿಗ್ರಿ ಮಾಡಿ ಊರವರ ಎಂಜಲು ಬಡಿಸ್ತಾಳಂತೆ!" ಎಂದು ಸೋದರತ್ತೆ ಕೊಂಕು ತೆಗೆದಿದ್ದಳು. ಅದಕ್ಕೆ ಚುರುಕಾದ ಉತ್ತರವೂ ಇತ್ತು, ಡೈರಿಯಲ್ಲಿ. ಅತ್ತೆಯ ಎದುರಿಗೆ ಕಾಫಿ ಲೋಟ ಇಟ್ಟು ಒಳಗೆ ಹೋಗಿದ್ದಳು, ಅಷ್ಟೇ.

ಎಂಜಲಲ್ಲ ಅನ್ನುವುದಕ್ಕೆ ಅಲ್ಲೊಂದು ಕಟ್ಟಳೆಯೇ ಇತ್ತು. ಬಾಗಿಲ ಪಕ್ಕದ ಮೊಳೆಗೆ ಉದ್ದ ಹಿಡಿಯ ಸೌಟೊಂದು ತೂಗುತ್ತಿತ್ತು. ಆಹಾರ ತಂದವರು ಯಾರೇ ಆಗಲಿ, ಆ ಸೌಟಿನಿಂದ ಬಟ್ಟಲಿಗೆ ಬಗ್ಗಿಸಿಕೊಟ್ಟದ್ದನ್ನು ಮೊದಲು ತಾವು ತಿನ್ನಬೇಕು. ಆಮೇಲೇ ಪಾತ್ರೆ ಹೊಸ್ತಿಲು ದಾಟುವುದು. ಕಟ್ಟಳೆ ತಂದವಳು ಮುಖ್ಯ ಅಡುಗೆಯವಳು, ಎಲ್ಲರ ದೊಡ್ಡಮ್ಮ. "ತಾನು ತಿನ್ನದ್ದನ್ನ ಇನ್ನೊಬ್ಬರಿಗೆ ಕೊಟ್ರೆ ಅದು ದಾನ ಅಲ್ಲ ಕಣ್ರೋ, ಮನೆ ಗುಡಿಸಿದ್ದು" ಅನ್ನುತ್ತಿದ್ದಳು.

ಸೌಟಿನ ಉಸ್ತುವಾರಿ ಪಿಸುಮಾತಿನದು. ಮಾತೇ ಬೇಡದ ಕೆಲಸ. ಬಗ್ಗಿಸಿ ಕೊಡುವುದು, ತಿನ್ನುವವರ ಮುಖ ನೋಡುವುದು. ವ್ಯಾನಿನ ಡ್ರೈವರುಗಳು ಸೊರ್ರೆಂದು ಹೀರಿ, "ನಮ್ಮನೇಲೂ ನನಗೆ ಇಷ್ಟು ಮೊದಲು ಬಡಿಸಲ್ಲಮ್ಮ" ಎಂದು ನಗುತ್ತಿದ್ದರು.

ಆ ದಿನ ಡ್ರೈವರ್ ಜೊತೆ ದೊಡ್ಡ ಹೋಟೆಲಿನ ಮ್ಯಾನೇಜರೇ ಇಳಿದ. ಅಡುಗೆಮನೆಗೆ ಹೆಚ್ಚಿನ ಪಾಲು ಬರುತ್ತಿದ್ದದ್ದು ಅವನ ಹೋಟೆಲಿನಿಂದ. ಕಲಿತವರಿಗೆ ಕೆಲಸ ಸಿಗುತ್ತಿದ್ದದ್ದೂ ಅಲ್ಲೇ. ಮೇಜಿನ ಹತ್ತಿರ ನಿಂತು, ಪಿಸುಮಾತು ಕ್ಯಾರೆಟ್ ಹೆಚ್ಚುವುದನ್ನು ಸ್ವಲ್ಪ ಹೊತ್ತು ನೋಡಿದ.

"ಕೈ ಚೆನ್ನಾಗಿದೆ. ಮಾತಾಡಲ್ವಾ ಇವಳು?"

"ಕಡಿಮೆ ಸಾರ್" ಅಂದಳು ದೊಡ್ಡಮ್ಮ.

"ಒಳ್ಳೇದಾಯ್ತು. ಅಂಥವರೇ ಬೇಕು ನಮಗೆ. ಸೋಮವಾರದಿಂದ ಬಂದುಬಿಡಮ್ಮ."

ಅವಳಿಗೆ ಮೊದಲು ನೆನಪಾದದ್ದು ಅಮ್ಮ. ಈಚೆಗೆ ಅಮ್ಮನಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ದಾರ ಪೋಣಿಸಲು ಮಗಳನ್ನು ಕರೆದು, ಕರೆದದ್ದಕ್ಕೆ ತಾನೇ ನಾಚಿಕೊಳ್ಳುತ್ತಿದ್ದಳು. ಸೋಮವಾರ ಬಂದರೆ ಆ ಯಂತ್ರಕ್ಕೆ ಹೊದಿಕೆ ಹಾಕಬಹುದು.

ಅಷ್ಟರಲ್ಲಿ ಡ್ರೈವರ್ ಹಂಡೆ ಇಳಿಸಿ ಮುಚ್ಚಳ ತೆಗೆದ. ಹಿಂದಿನ ದಿನದ ಔತಣದಲ್ಲಿ ಮಿಕ್ಕ ಕೋಳಿ ಗೊಜ್ಜು. ಮಸಾಲೆಯ ಘಮದ ಅಡಿಯಲ್ಲಿ ಇನ್ನೊಂದು ವಾಸನೆ ಅವಿತು ಕೂತಿತ್ತು, ಒದ್ದೆ ಬಟ್ಟೆ ಮುದುರಿಟ್ಟ ಹಾಗೆ. ಡ್ರೈವರ್ ಆಕಾಶ ನೋಡಿದ. ಅವಳು ಮೊಳೆಯಿಂದ ಸೌಟು ತೆಗೆದು, ಬಟ್ಟಲಿಗೆ ಬಗ್ಗಿಸಿ ಮ್ಯಾನೇಜರನ ಮುಂದೆ ಹಿಡಿದಳು.

"ಇದೇನಿದು?"

"ನಮ್ಮಲ್ಲಿ ಪದ್ಧತಿ ಸಾರ್. ತಂದವರದು ಮೊದಲ ತುತ್ತು" ಅಂದಳು ದೊಡ್ಡಮ್ಮ.

ಅವನು ನಕ್ಕ. "ಅದೆಲ್ಲ ಡ್ರೈವರುಗಳಿಗೆ. ನಂದು ಊಟ ಆಗಿದೆ."

"ಒಂದೇ ತುತ್ತು..."

"ಏನ್ರೀ, ಹಸಿದು ಬರೋರು ಇಷ್ಟೆಲ್ಲ ನೋಡ್ತಾರಾ? ಬೇಡ ಅಂದ್ರೆ ಹೇಳಿ, ಗಾಡಿ ತಿರುಗಿಸ್ತೀನಿ. ಮತ್ತೆ ಈ ಕಡೆ ಬರಲ್ಲ. ನಿಮ್ಮ ಹುಡುಗರೂ ನಮ್ಮ ಕಡೆ ಬರೋದು ಬೇಡ."

ಬಾಗಿಲಾಚೆ ಊಟದ ಸಾಲು ಬೆಳೆದಿತ್ತು. ಮುಂದೆ ನಿಂತ ಅಜ್ಜಿ ತನ್ನದೇ ಚಮಚವನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಳು. ದೊಡ್ಡಮ್ಮ ಒಮ್ಮೆ ಆ ಸಾಲು ನೋಡಿದಳು, ಒಮ್ಮೆ ಏಪ್ರನ್ ಕಟ್ಟಿ ನಿಂತ ತನ್ನ ಮಕ್ಕಳಂಥವರನ್ನು ನೋಡಿದಳು. ಆಮೇಲೆ ಕೈ ಚಾಚಿದಳು.

"ಕೊಡಮ್ಮ ಇಲ್ಲಿ. ನಾನೇ ತಿಂತೀನಿ."

"ಬೇಡ ದೊಡ್ಡಮ್ಮ, ನನಗಿರ್ಲಿ. ನಂದು ಬಸ್ ಸ್ಟ್ಯಾಂಡ್ ಹೊಟ್ಟೆ, ಕಲ್ಲು ಹಾಕಿದ್ರೂ ಕರಗತ್ತೆ" ಎಂದು ಡೋಲು ನುಗ್ಗಿದ.

ಪಿಸುಮಾತು ಬಟ್ಟಲು ಬಿಡಲಿಲ್ಲ. ದೊಡ್ಡಮ್ಮ ಎಳೆದಳು. ಅವಳು ಇನ್ನೂ ಬಿಗಿ ಹಿಡಿದಳು. ತಣ್ಣನೆಯ ಗೊಜ್ಜು ಬೆರಳ ಸಂದಿಯಲ್ಲಿ ಇಳಿದು ಮೊಣಕೈವರೆಗೂ ಹರಿಯಿತು. ಕಟ್ಟಳೆ ಮಾಡಿದವಳೇ ಅದನ್ನು ನುಂಗಲು ಹೊರಟಿದ್ದಾಳಲ್ಲ! ಅವಳ ತುಟಿ ಅಲುಗಿತು.

"ಏನೋ ಗೊಣಗ್ತಿದೆಯಲ್ಲ ಹುಡುಗಿ?" ಮ್ಯಾನೇಜರ್ ಕಿವಿಗೆ ಕೈ ಹಚ್ಚಿ ಬಗ್ಗಿದ. "ಕೇಳಿಸಲಿಲ್ಲ."

ರೂಢಿಯಂತೆ ಡೋಲು ಅವಳ ಪರವಾಗಿ ಬಾಯಿ ತೆರೆದ. ಅವಳು ಸೌಟು ಅಡ್ಡ ಹಿಡಿದು ಅವನನ್ನು ತಡೆದಳು. ಸೋಮವಾರದ ಕೆಲಸ ಕಣ್ಣೆದುರೇ ಗಾಡಿ ಹತ್ತುವುದು ಕಂಡಿತು. ಹತ್ತಲಿ. ಗಂಟಲಲ್ಲಿ ಇಷ್ಟು ದಿನ ಕೂತಿದ್ದದ್ದೆಲ್ಲ ಒಮ್ಮೆಲೇ ಎದ್ದು ನಿಂತಿತು, ಸಾಲಿನ ಕೊನೆಯವರೂ ತಿರುಗಿ ನೋಡುವ ಹಾಗೆ.

"ಹಳಸಿದೆ! ನಿಮಗೂ ಗೊತ್ತು. ಅದಕ್ಕೇ ನೀವು ತಿಂತಿಲ್ಲ!"