ಯಾವಗಲ್ಲಿನ ರೇಡಿಯೋದ ಕರಕರ

ವಾಲ್ವ್ ಒಂದಕ್ಕೆ ಆರುನೂರು ರೂಪಾಯಿ, ಕಂಡೆನ್ಸರ್ ಎರಡಕ್ಕೆ ನೂರಾ ನಲವತ್ತು, ಬೆಸುಗೆಗೆ ಇಪ್ಪತ್ತು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವೆಂದು ಹುಬ್ಬಳ್ಳಿಯಿಂದ ಸಾಮಾನು ತರುವವಳು ನಾನೇ. ಆ ಖರ್ಚು ಉಳಿಯಿತು. ಗುರುಸಂಗಪ್ಪನವರ ಹಳೆಯ ವಾಲ್ವ್ ರೇಡಿಯೋಕ್ಕೆ ಇಷ್ಟು ಹಾಕಿ, ಮಜೂರಿ ಸೇರಿಸಿ, ನನ್ನ ಗಂಡ ಇಮಾಮಸಾಬರು ಹನ್ನೆರಡು ನೂರು ಹೇಳಿದ್ದರು. ದುಡ್ಡು ಕೈಗೆ ಬರುವ ಮೊದಲೇ ರೇಡಿಯೋ ತಿರುಗಿ ಬಂತು.

"ಕರಕರ ಅನ್ನಾಕತ್ತೈತಿ, ಇಮಾಮಸಾಬರ," ಎಂದರು ಗುರುಸಂಗಪ್ಪ. ತಮ್ಮೂರು ಯಾವಗಲ್ಲಿನಿಂದ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಬಂದಿದ್ದರು. "ಬಾತ್ಮಿ ಓದಾಂವ ಬಾಯಾಗ ಪುಟಾಣಿ ಹಾಕ್ಕೊಂಡು ಓದಿದಂಗ ಕೇಳ್ತೈತಿ."

ರೋಣದ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮ ಅಂಗಡಿ. ನನ್ನ ಗಂಡ ರೇಡಿಯೋ ಹಚ್ಚಿ ತಲೆ ವಾಲಿಸಿ ಕೇಳಿದರು.

"ಏನೂ ಇಲ್ಲಲ್ರಿ. ಹಾಲಿನಂಗ ಐತಿ ಆವಾಜ. ನಿಮ್ಮೂರಿನ ವೋಲ್ಟೇಜ್ ಸರಿ ಇಲ್ಲ."

"ನಮ್ಮೂರಿನ ವೋಲ್ಟೇಜ್ ನನ್ನ ಜೋಡಿ ರೋಣಕ್ಕ ಬಂತೇನು? ಈಗೂ ಅನ್ನಾಕತ್ತೈತಲ್ರಿ! ಸಂಜಿ ಬರ್ತೀನಿ. ಆಗಲಿಲ್ಲಂದ್ರ ಗದಗಿಗೆ ಒಯ್ತೀನಿ. ಮತ್ತ ಯಾರರ ಕೇಳಿದ್ರ ಖರೇನ ಹೇಳಾಂವ ನಾ."

ಅವರು ಹೇಳುವ ಮಾತೇ ನಮಗೆ ಅನ್ನ. ಹಳೆಯ ರೇಡಿಯೋ ಇಟ್ಟುಕೊಂಡವರು ಒಬ್ಬರನ್ನೊಬ್ಬರು ಬಲ್ಲರು; ನರಗುಂದ, ಗಜೇಂದ್ರಗಡದಿಂದ ನಮಗೆ ಬರುವ ಕೆಲಸವೆಲ್ಲ ಹಾಗೆ ಬಂದದ್ದು.

ಆ ಕರಕರ ಪರದೆಯ ಹಿಂದೆ ಒಲೆಯ ಮುಂದಿದ್ದ ನನಗೂ ಕೇಳಿತ್ತು. ಪಕ್ಕದಲ್ಲೇ ಕುಳಿತ ಇವರಿಗೆ ಕೇಳಿರಲಿಲ್ಲ. ಈಚೆಗೆ ಕುಕ್ಕರ್ ಸೀಟಿ ಹೊಡೆದ ಮೇಲೂ "ಇನ್ನೂ ಆಗಲಿಲ್ಲೇನು" ಎನ್ನುತ್ತಿದ್ದರು. ಹಸಿವು ಹೆಚ್ಚಾಗಿರಬೇಕು ಎಂದುಕೊಂಡಿದ್ದೆ. ರೇಡಿಯೋ ರಿಪೇರಿ ಮಾಡುವವನಿಗೆ ಕಿವಿ ಹೋಗುತ್ತಿದೆ ಎಂದು ಹೇಗೆ ಹೇಳುವುದು? ನಾನು ಹೇಳದಿದ್ದರೆ ಸಂಜೆ ಗಿರಾಕಿ ನಾಲ್ಕು ಜನರ ಮುಂದೆ ಹೇಳುತ್ತಾರೆ. ಗುರುಸಂಗಪ್ಪ ಹೋದ ಮೇಲೆ ಪರದೆ ಸರಿಸಿದೆ.

"ರೀ, ಕರಕರ ಅನ್ನೋದು ಖರೇ ಐತಿ."

"ನೀನೂ ಅವರ ಕಡೀನ ಸೇರ್ದೇನು?"

"ಈಗ ಕುಕ್ಕರ್ ಎಷ್ಟು ಸೀಟಿ ಹೊಡೀತು?"

"ಕುಕ್ಕರ್ ಎಲ್ಲಿ ಇಟ್ಟಿ?"

"ಇಟ್ಟು, ಇಳಿಸಿ ಆತ್ರಿ."

ಇವರು ಒರೆಸಿದ ಸ್ಕ್ರೂಡ್ರೈವರನ್ನೇ ಮತ್ತೆ ಒರೆಸಿದರು. "ಕಿವಿ ಹೋದ್ರ ನಾ ಇನ್ನೇನ್ ಮಾಡ್ಲಿ, ಜಮಾಲಬಿ?"

"ಕೈ ಅದಾವಲ್ಲ. ನೀವು ಮಾಡ್ರಿ, ನಾ ಕೇಳ್ತೀನಿ."

ಸ್ಪೀಕರಿನ ಕಾಗದದ ಬಟ್ಟಲಿನ ಬುಡದಲ್ಲಿ ಒಂದು ತಂತಿಯ ಸುರುಳಿ ಇರುತ್ತದೆ. ಅಯಸ್ಕಾಂತದ ಸಂದಿಯಲ್ಲಿ ಅದು ಎಲ್ಲಿಯೂ ತಾಗದೆ ಆಡಬೇಕು. ಇವರು ರೇಡಿಯೋ ಬಂದ್ ಮಾಡಿ, ಹಿಂಬದಿ ಬಿಚ್ಚಿ ಸ್ಪೀಕರ್ ಹೊರಗೆ ತೆಗೆದು, ಬಟ್ಟಲನ್ನು ಬೆರಳತುದಿಯಿಂದ ಮೆಲ್ಲಗೆ ಒತ್ತಿದರು. "ಹೌದು, ಉಜ್ಜಾಕತ್ತೈತಿ," ಎಂದರು. ಬೆರಳಿಗೆ ಗೊತ್ತಾಗಿತ್ತು.

ನನ್ನ ಮೊಣಕಾಲಿನ ಹಳೆಯ ಎಕ್ಸರೇ ಹಾಳೆಯಿಂದ ಸಣ್ಣ ಪಟ್ಟಿ ಕತ್ತರಿಸಿಕೊಟ್ಟೆ. ನಡುವಿನ ಸ್ಕ್ರೂ ಸಡಿಲಿಸಿ, ಸಂದಿಯ ಸುತ್ತಲೂ ಪಟ್ಟಿ ತೂರಿಸಿದರೆ ಸುರುಳಿ ನಡುಮಧ್ಯ ನಿಲ್ಲುತ್ತದೆ. ಆಗ ಸ್ಕ್ರೂ ಬಿಗಿದು ಪಟ್ಟಿ ಎಳೆದುಕೊಳ್ಳಬೇಕು. ಆದರೆ ಸ್ಕ್ರೂಗೆ ತುಕ್ಕು ಹಿಡಿದಿತ್ತು, ಕಾಗದ ಸುಟ್ಟ ಹಪ್ಪಳದಂತಾಗಿತ್ತು. ಕೈ ಜಾರಿದರೆ ಹರಿಯುತ್ತದೆ, ಅಂಥದ್ದು ಇನ್ನೊಂದು ಸಿಗುವುದಿಲ್ಲ. ಸ್ಕ್ರೂ ತಿರುಗಿತು. ಪಟ್ಟಿ ಇಟ್ಟು, ಬಿಗಿದು, ತೆಗೆದು, ರೇಡಿಯೋ ಹಚ್ಚಿದರು.

"ಇನ್ನೂ ಐತ್ರಿ."

ಮತ್ತೊಮ್ಮೆ ಮಾಡಿದರು.

"ಕಡಿಮಿ ಆಗೇತಿ. ಹೋಗಿಲ್ಲ."

"ಖರೇ ಹೇಳಾಕತ್ತಿಯಲ್ಲ?"

"ಸುಳ್ಳು ಹೇಳಿದ್ರ ನನಗ ಸೀರಿ ಕೊಡಸ್ತೀರೇನು?"

ಮೂರನೆಯ ಸಲ ಪಟ್ಟಿ ಎಳೆಯುವಷ್ಟರಲ್ಲಿ ಗುರುಸಂಗಪ್ಪ ಬಾಗಿಲಿಗೆ ಬಂದರು. ಅವರೆದುರಿಗೇ ಹಚ್ಚಬೇಕಾಯಿತು. ವಾಲ್ವ್ ಬಿಸಿಯಾಗುವವರೆಗೆ ಮೂವರೂ ಕಾದೆವು. ಧಾರವಾಡ ಸ್ಟೇಷನ್ ಬಂತು. ಒಂದು ಹೆಣ್ಣು ದನಿ ಏನೋ ಹೇಳಿ ಮುಗಿಸಿತು, ಕೊಳಲು ಶುರುವಾಯಿತು. ಇವರು ನನ್ನ ಮುಖ ನೋಡಿದರು. ಕೊಳಲಿನ ದನಿ ಮೇಲಕ್ಕೇರುವವರೆಗೂ ಕಾದು, ಸರಿಯಾಯಿತೆಂದು ನಾನು ತಲೆಯಾಡಿಸಿದೆ.

"ಏನ್ರಿ ಸಾಬರ, ರೇಡಿಯೋ ಬಿಟ್ಟು ಹೆಂಡ್ತಿ ಮಾರಿ ನೋಡ್ತೀರಿ? ಈ ವಯಸ್ಸಿನ್ಯಾಗ?" ಎಂದರು ಗುರುಸಂಗಪ್ಪ.

ನಕ್ಕು ಮಾತು ತೇಲಿಸಬಹುದಿತ್ತು. ಇವರು ಹಾಗೆ ಮಾಡಲಿಲ್ಲ. "ಕರಕರ ನನಗ ಕೇಳಂಗಿಲ್ರಿ. ಆಕಿ ಕೇಳಿ ಹೇಳ್ತಾಳ. ನಿಮ್ಮ ವೋಲ್ಟೇಜಿಗೆ ಸುಮ್ನ ಬೈದೆ."

ಗುರುಸಂಗಪ್ಪ ರೇಡಿಯೋಕ್ಕೆ ಕಿವಿ ಹಚ್ಚಿ ಬಹಳ ಹೊತ್ತು ಕೇಳಿದರು. ಆಮೇಲೆ ದುಡ್ಡು ತೆಗೆದರು. "ನನಗೂ ಬಸ್ಸಿನ ಬೋರ್ಡು ನಮ್ಮಾಕೀನ ಓದಿ ಹೇಳಬೇಕ್ರಿ. ಯಾರರ ಕೇಳಿದ್ರ ಇಬ್ರೂ ಕೂಡಿ ಚಲೋ ಮಾಡ್ತಾರ ಅಂತೀನಿ. ತಗೋ ತಂಗಿ."

ಹನ್ನೆರಡು ನೂರು ಬಂತು, ಗಿರಾಕಿ ಉಳಿದರು. ಇವರ ಕಿವಿಯಲ್ಲಿ ಹೋದದ್ದು ತಿರುಗಿ ಬರುವುದಿಲ್ಲ ಎಂದು ಗದಗಿನ ಡಾಕ್ಟರು ಆಮೇಲೆ ಹೇಳಿದರು.